ಬೆಳೆಯುತ್ತಿರುವ ನಗರವೂ ನಮ್ಮ ಪರಂಪರೆಯೂ

(ಶತಮಾನೋತ್ಸವದ ಅಂಗವಾಗಿ ನಮ್ಮ ಸಭಾಭವನದಲ್ಲಿ ಜರುಗಿದ ಊರಿನ ಪರಂಪರೆ ಸಂರಕ್ಷಣಾ ಸಮಿತಿಯ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವವು ಕೃತಜ್ಞತೆಯ ಕಾಲ. ಅಂತೆಯೇ ಆತ್ಮಶೋಧನೆಯ ಕಾಲವೂ ಹೌದು. ಮಂಗಳೂರಿನ ಇತಿಹಾಸವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದಾರೆ. ಆ ಇತಿಹಾಸವನ್ನು ನಮ್ಮ ಗೇಟಿನ ಬಳಿಯಿರುವ ಹೆಂಚಿನ ಹಳೆಯ ಶಾಲೆಯಿಂದಲೇ ಆರಂಭಿಸಲು ಅಪ್ಪಣೆ ಕೊಡಿ. ಅದನ್ನು ಕೆಡವಿ ವಾಹನ ನಿಲ್ಲಿಸಲು ಸ್ಥಳವನ್ನೂ ಮೇಲೊಂದು ಸಭಾಂಗಣವನ್ನೂ ಮಾಡಬೇಕೆಂದು ನಮ್ಮ ಪಾಲನಾ ಮಂಡಳಿಯು ಕಳೆದ ವರ್ಷ ನಿರ್ಣಯಿಸಿದುದು ತಮಗೆಲ್ಲ ತಿಳಿದ ವಿಷಯ. ಆ ನಿರ್ಣಯಕ್ಕೆ ಮೊದಲು ಸಹಿ ಹಾಕಿದವರು ನಾವೇ.

ಕಟ್ಟಡ ಹೋಗುವ ಮುನ್ನ ಅದರ ಅಳತೆಯನ್ನೂ ಚಿತ್ರಗಳನ್ನೂ ತೆಗೆದಿಟ್ಟುಕೊಳ್ಳಲು ಸಮಿತಿಯವರು ಅನುಮತಿ ಬೇಡಿ ಬಂದರು. ಅವರಲ್ಲೊಬ್ಬ ನಿವೃತ್ತ ಅಧ್ಯಾಪಕರು ಮಾಡಿನಿಂದ ಒಂದು ಹೆಂಚನ್ನು ಇಳಿಸಿ ಮಗುಚಿ ತೋರಿಸಿದರು. ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಅಂಕೆಯೂ ಅದರಲ್ಲಿ ಅಚ್ಚೊತ್ತಿದ್ದವು. "ಅಬ್ಬಾ, ಇಷ್ಟು ಹಳೆಯದೇ!" ಎಂದೆವು. ಅವರು ನಕ್ಕು, "ಇಲ್ಲ ಫಾದರ್, ಅದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಆರಂಭವಾದ ವರ್ಷ. ಮೊದಲನೆಯ ಮಹಾಯುದ್ಧದ ತರುವಾಯ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ನಿಮ್ಮ ಶಾಲೆ ಅನಂತರ ಕಟ್ಟಿದ್ದು. ಹಾಗಾದರೆ ಈ ಹೆಂಚು ಮೊದಲು ಬೇರೆ ಯಾವುದೋ ಮಾಡಿನ ಮೇಲೆ ಇದ್ದಿರಬೇಕು" ಎಂದರು.

ಅಂದು ರಾತ್ರಿ ನಾವು ಹಳೆಯ ಲೆಕ್ಕದ ಪುಸ್ತಕವನ್ನು ಹುಡುಕಿ ತೆಗೆದೆವು. ಗೆದ್ದಲು ತಿಂದು ಉಳಿದ ಪುಟಗಳಲ್ಲಿ 'ಹಳೆ ಹೆಂಚು' ಎಂದು ಬರೆದು, ಅದರ ಕೆಳಗೆ ಕುಟುಂಬಗಳ ಹೆಸರುಗಳನ್ನೂ ಮುಂದೆ ಸಂಖ್ಯೆಗಳನ್ನೂ ನಮೂದಿಸಿದ್ದರು: ಒಬ್ಬರದು 200, ಒಬ್ಬರದು 60, ಒಬ್ಬ ವಿಧವೆಯದು 12. ಹಣ ಕೊಡಲಾರದವರು ತಮ್ಮ ಕೊಟ್ಟಿಗೆಯ, ಅಡುಗೆಮನೆಯ ಹೆಂಚುಗಳನ್ನೇ ಇಳಿಸಿ ಮಕ್ಕಳ ಶಾಲೆಗೆ ಹೊತ್ತು ತಂದಿದ್ದರು. ಆ ಹೆಸರುಗಳಲ್ಲಿ ಕೆಲವರ ಮೊಮ್ಮಕ್ಕಳು ಈ ಸಭೆಯಲ್ಲಿ ಕುಳಿತಿದ್ದಾರೆ. ಇದಾವುದನ್ನೂ ಅರಿಯದೆ ನಾವು ಸಹಿ ಹಾಕಿದ್ದೆವು.

ಈ ಹೆಂಚಿನ ಹಿಂದೆ ನಮ್ಮ ಊರಿನ ಕಥೆಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮೂರು ವರ್ಷಗಳಲ್ಲೇ ಪಾಣೆಮಂಗಳೂರಿನಲ್ಲಿ ನಮ್ಮ ಕ್ರೈಸ್ತ ಬಾಂಧವರಾದ ಆಲ್ಬುಕರ್ಕ್ ಮನೆತನದವರೂ ಈ ಉದ್ಯಮಕ್ಕೆ ಕೈಹಾಕಿದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಆವೆಮಣ್ಣು, ಹೊಳೆಯ ಮೇಲೆ ದೋಣಿಗಳಲ್ಲಿ ಬರುವ ಸೌದೆ, ಸಮೀಪದಲ್ಲೇ ಬಂದರು, ಇವು ಮೂರೂ ಒಂದೆಡೆ ಕೂಡಿದ್ದರಿಂದ ಮಂಗಳೂರು ಹೆಂಚು ಸಮುದ್ರ ದಾಟಿತು. ಗೋಡೆಯ ಮುರಕಲ್ಲು ಕೂಡ ಇಲ್ಲಿನದೇ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನ್ 1807ರ ತನ್ನ ಗ್ರಂಥದಲ್ಲಿ ಕೊಟ್ಟನು. ಈ ಮಣ್ಣಿನಿಂದಲೇ ಎದ್ದು, ಈ ಮಳೆಗೆಂದೇ ಇಳಿಜಾರಾಗಿ ನಿಂತ ಮನೆಗಳು ನಮ್ಮವು.

ಪರಂಪರೆಯೆಂದರೆ ನಮ್ಮ ಇಗರ್ಜಿಗಳು ಮಾತ್ರ ಎಂದು ಯಾರೂ ತಿಳಿಯಬಾರದು. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ಅರಸ ಕುಂದವರ್ಮನು ಸ್ಥಾಪಿಸಿದುದು ಕ್ರಿ.ಶ. 968ರಲ್ಲಿ. ಬಂದರಿನಲ್ಲಿ ಪುರಾತನ ಮಸೀದಿಯಿದೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಈ ರೇವನ್ನು ಕಂಡು ವರ್ಣಿಸಿದನು. 1568ರಲ್ಲಿ ರೊಸಾರಿಯೊ, 1680ರಲ್ಲಿ ಮಿಲಾಗ್ರಿಸ್ ಇಗರ್ಜಿಗಳು ಸ್ಥಾಪನೆಯಾದವು. 1784ರಲ್ಲಿ ನಮ್ಮ ಹಿರಿಯರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು; ಮಿಲಾಗ್ರಿಸ್ ನೆಲಸಮವಾಯಿತು. 1799ರ ಅನಂತರ ಮರಳಿ ಬಂದವರು ಬರಿಗೈಯಿಂದ ಮತ್ತೆ ಕಟ್ಟಿದರು. ಪರರು ಕೆಡವಿದುದಕ್ಕೆ ಅತ್ತ ಜನರು ನಾವು. ನಮ್ಮ ಕೈಯಾರೆ ಕೆಡವುವಾಗ ಒಂದು ಕ್ಷಣವಾದರೂ ಯೋಚಿಸಬೇಡವೇ?

ಬೆಳವಣಿಗೆ ಪಾಪವಲ್ಲ. 1907ರಲ್ಲಿ ರೈಲು ಬಂದಿತು. 1951ರಲ್ಲಿ ಬಜ್ಪೆಗೆ ವಿಮಾನ ಬಂದಿತು. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ತೆರೆಯಿತು. ಇವುಗಳಿಂದ ನಮ್ಮ ಮಕ್ಕಳಿಗೆ ಅನ್ನ ದೊರೆತಿದೆ. ಆದರೆ ಗುಡ್ಡ ತಗ್ಗಿಸಿ, ಬೈಲು ತುಂಬಿಸಿ, ಬಾವಿ ಮುಚ್ಚಿ ಕಟ್ಟಿದ ಊರಿನಲ್ಲಿ ಮಳೆಗಾಲದಲ್ಲಿ ನೀರು ಮನೆಯೊಳಗೆ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ಕಾಯಬೇಕಾಗುತ್ತದೆ. ಪಂಪ್‌ವೆಲ್ ಎಂಬ ಹೆಸರು ಅಲ್ಲಿದ್ದ ಬಾವಿಯಿಂದ ಬಂದದ್ದು. 2020ರಿಂದ ಅಲ್ಲಿ ಮೇಲ್ಸೇತುವೆಯ ಮೇಲೆ ವಾಹನಗಳು ಓಡುತ್ತಿವೆ. ಬಾವಿಯನ್ನು ಕಂಡವರು ಎಷ್ಟು ಮಂದಿ ಉಳಿದಿದ್ದಾರೆ? ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದೇ ಈ ಸಮಿತಿಯ ಕೆಲಸ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತರುಣ ಗುರುವಾಗಿದ್ದಾಗ ಬೇರೊಂದು ಧರ್ಮಕೇಂದ್ರದಲ್ಲಿ ಮರದ ಹಳೆಯ ಪೀಠವನ್ನು ತೆಗೆಸಿ, ಹುಳ ಹಿಡಿದಿದೆಯೆಂದು ಸೌದೆಯ ಬೆಲೆಗೆ ಮಾರಿದೆವು. ಹೊಸ ಸಿಮೆಂಟಿನ ಪೀಠವನ್ನು ಎಲ್ಲರೂ ಹೊಗಳಿದರು. ಒಬ್ಬ ಮುದುಕ ಬಡಗಿ ಮಾತ್ರ ಬಲಿಪೂಜೆಯ ನಂತರ ಬಂದು, "ಅದನ್ನು ಕೆತ್ತಿದ್ದು ನಮ್ಮ ತಂದೆ, ಫಾದರ್" ಎಂದಷ್ಟೇ ಹೇಳಿ ಹೋದರು. ಅವರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಉಳಿಸುವುದು ಅಸಾಧ್ಯವೇನಲ್ಲ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಯೇಸುಸಭೆಯ ಬ್ರದರ್ ಆಂತೋನಿಯೊ ಮೊಸ್ಕೇನಿಯವರು 1899ರಿಂದ ಬರೆದ ಚಿತ್ರಗಳು ಕಡಲ ಗಾಳಿಯ ತೇವಕ್ಕೆ ಮಸುಕಾಗಿದ್ದವು. 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯ ತಜ್ಞರು 1990ರ ದಶಕದಲ್ಲಿ ಅವುಗಳಿಗೆ ಮರುಜೀವ ಕೊಟ್ಟರು. ಬಿಜೈಯಲ್ಲಿ ಕರ್ನಲ್ ಮಿರಾಜ್‌ಕರರು ತಾಯಿಯ ನೆನಪಿಗೆ ಕೊಟ್ಟ ಮನೆಯೇ 1960ರಲ್ಲಿ ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯವಾಯಿತು.

ಆದುದರಿಂದ ನಮ್ಮ ಸಹಿಯನ್ನು ಹಿಂದಕ್ಕೆ ಪಡೆದು, ವಿಷಯವನ್ನು ಮರುಪರಿಶೀಲಿಸಬೇಕೆಂದು ಪಾಲನಾ ಮಂಡಳಿಯನ್ನು ಕೇಳಿಕೊಂಡಿದ್ದೇವೆ. ವಾಹನಗಳಿಗೆ ಸ್ಥಳ ಬೇಕೆಂಬ ಮಾತು ನ್ಯಾಯವಾದುದೇ. ಹಿಂದಿನ ತೋಟದ ಬದಿಯಲ್ಲಿ ಅದಕ್ಕೆ ದಾರಿ ಹುಡುಕೋಣ. ಶಾಲೆಯ ಪಕ್ಕಾಸು, ರೀಪುಗಳನ್ನು ಬದಲಿಸಿ, ಗಟ್ಟಿಯಿರುವ ಹೆಂಚನ್ನು ಮರಳಿ ಹೊದಿಸಿದರೆ, ಒಳಗೆ ನಮ್ಮ ಜ್ಞಾನಸ್ನಾನದ ದಾಖಲೆಗಳನ್ನೂ ಊರಿನ ಹಳೆಯ ಚಿತ್ರಗಳನ್ನೂ ಇಡಬಹುದು. ಖರ್ಚಿದೆ, ಅದನ್ನು ಮರೆಮಾಚುವುದಿಲ್ಲ. ತೀರ್ಮಾನ ತಮ್ಮೆಲ್ಲರದು. ಬರುವ ಭಾನುವಾರ ಬಲಿಪೂಜೆಯ ನಂತರ ಆ ಲೆಕ್ಕದ ಪುಸ್ತಕವನ್ನು ತೆರೆದಿಡುತ್ತೇವೆ. ತಮ್ಮ ಅಜ್ಜ, ಅಜ್ಜಿಯರ ಹೆಸರನ್ನು ನೋಡಿ, ಆಮೇಲೆ ಮಾತಾಡೋಣ. ಬರುವಾಗ ಮನೆಯಲ್ಲಿರುವ ಒಂದು ಹಳೆಯ ಚಿತ್ರವನ್ನೋ ಕಾಗದವನ್ನೋ ತಂದು ಸಮಿತಿಯವರಿಗೆ ತೋರಿಸಿ.

ಐದು ಸಾವಿರ ಮಂದಿ ಉಂಡು ತೃಪ್ತರಾದ ಮೇಲೂ ಉಳಿದ ರೊಟ್ಟಿಯ ತುಂಡುಗಳನ್ನು ಒಟ್ಟುಗೂಡಿಸುವಂತೆ ಪ್ರಭು ಯೇಸುವು ಶಿಷ್ಯರಿಗೆ ಆಜ್ಞಾಪಿಸಿದರು. ಹನ್ನೆರಡು ಬುಟ್ಟಿ ತುಂಬಿತು. ವಿಧವೆಯೊಬ್ಬಳ ಹನ್ನೆರಡು ಹೆಂಚುಗಳು ನಮ್ಮ ಮಾಡಿನ ಮೇಲೆ ಎಲ್ಲೋ ಇವೆ, ಯಾವುವೆಂದು ಗುರುತಿಸಲಾರೆವು. ಆದುದರಿಂದ ಎಲ್ಲವನ್ನೂ ಜೋಪಾನವಾಗಿ ಇಳಿಸೋಣ.

ದೇವರು ನಿಮ್ಮೆಲ್ಲರನ್ನೂ, ಈ ಊರಿನ ಸಕಲ ನೆರೆಹೊರೆಯವರನ್ನೂ ಹರಸಲಿ.