ಬೆಳೆದವರಿಗೆ ಅಕ್ಷರ ಕಲಿಸುವ ವೃತ್ತಿ



ಮಕ್ಕಳಿಗೆ ಪಾಠ ಹೇಳುವುದು ಒಂದು ವೃತ್ತಿಯೆಂಬುದನ್ನು ನಾವೆಲ್ಲರೂ ಒಪ್ಪಿಕೊಂಡಿದ್ದೇವೆ. ಅದಕ್ಕೆ ತರಬೇತಿಯುಂಟು, ಸಂಬಳವುಂಟು, ಬಡ್ತಿಯುಂಟು, ಕೊನೆಗೆ ಬೀಳ್ಕೊಡುಗೆಯ ಹೂಮಾಲೆಯೂ ಉಂಟು. ಆದರೆ ಮೊಮ್ಮಕ್ಕಳನ್ನು ಕಂಡ ಹಿರಿಯರಿಗೆ ಓದುಬರಹ ಕಲಿಸುವುದೂ ಒಂದು ವೃತ್ತಿಯೆ? ಹಾಗೆಂದು ನಮ್ಮಲ್ಲಿ ಬಹುಮಂದಿ ಭಾವಿಸಿಲ್ಲ. ಅದು ಪುಣ್ಯಕಾರ್ಯ, ಬಿಡುವಿದ್ದಾಗ ಕೈಗೊಂಡು ಉತ್ಸಾಹ ಇಳಿದಾಗ ಕೈಬಿಡಬಹುದಾದ ಕೆಲಸ ಎಂಬುದೇ ಸಾಮಾನ್ಯವಾದ ಅಭಿಪ್ರಾಯ. ಈ ಅಭಿಪ್ರಾಯದಿಂದ ಎಷ್ಟು ನಷ್ಟವಾಗಿದೆ, ಆ ವೃತ್ತಿಯ ನಿಜವಾದ ಸ್ವರೂಪವೇನು ಎಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಮಾಡುವುದು ಈ ಭಾಷಣದ ಉದ್ದೇಶ.

ಈ ಸೀಮೆ ವಿಜಯಪುರ ಜಿಲ್ಲೆಗೆ ಸೇರಿದುದು. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ. ಎರೆಭೂಮಿ, ಬಿಳಿಜೋಳ, ಇಂಡಿಯ ಕಡೆ ಲಿಂಬೆಯ ತೋಟಗಳು. ೧೯೫೬ರವರೆಗೆ ಇದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೭೫ ಮಂದಿ ಓದಬರೆಯಬಲ್ಲವರಾಗಿದ್ದರೆ, ಈ ಜಿಲ್ಲೆಯಲ್ಲಿ ಅಂಥವರು ಸುಮಾರು ೬೭ ಮಂದಿ. ಗಂಡಸರನ್ನು ಮಾತ್ರ ಎಣಿಸಿದರೆ ೭೭, ಹೆಂಗಸರನ್ನು ಮಾತ್ರ ಎಣಿಸಿದರೆ ೫೭. ಒಂದೇ ಒಲೆಯ ಸುತ್ತ ಕುಳಿತು ಉಣ್ಣುವವರ ನಡುವೆ ಇರುವ ಈ ೨೦ರ ಅಂತರವೇ ನಮ್ಮ ಮುಖ್ಯ ಸಮಸ್ಯೆ.

ಆದರೆ ಅಂಕಿಗಳನ್ನು ಕೇಳಿ ಆ ನಾಡನ್ನು ಅಜ್ಞಾನದ ನಾಡೆಂದು ತಿಳಿಯಬೇಡಿ. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯ ನೆಲದಲ್ಲಿ. ಅವರ ಮತ್ತು ಅವರ ಸಂಗಡಿಗರ ವಚನಗಳನ್ನು ತಾಳೆಗರಿಗಳಿಂದ ಎತ್ತಿ ಅಚ್ಚಿಗೆ ತರಲು ಫ. ಗು. ಹಳಕಟ್ಟಿಯವರು ತಮ್ಮ ಬಾಳನ್ನೇ ಸವೆಸಿದ್ದು ಬಿಜಾಪುರದಲ್ಲಿ. ಹಿಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ ಕನ್ನಡದ ವಿದ್ವಾಂಸರು ಬೆರಗಾದರು. ಆ ಹಾಡುಗಳನ್ನು ಬೀಸುಕಲ್ಲಿನ ಮುಂದೆ ಕಟ್ಟಿ ಹಾಡಿದವರು ಯಾರು? ಅಕ್ಷರದ ಮುಖವನ್ನೇ ಕಾಣದ ಹೆಂಗಸರು. ಸಾಹಿತ್ಯ ಅವರಲ್ಲಿತ್ತು; ಇರಲಿಲ್ಲವಾದುದು ಲಿಪಿ ಮಾತ್ರ. ಬೆಳೆದವರಿಗೆ ಕಲಿಸಹೊರಡುವವನು ಮೊದಲು ಮನಗಾಣಬೇಕಾದ ವಿಷಯವೇ ಇದು. ಎದುರಿಗೆ ಕುಳಿತವರು ಬರಿದಾದ ಕೊಡಗಳಲ್ಲ. ಬೆಳೆ, ಮಳೆ, ಬಡ್ಡಿ, ಬಾಣಂತನ, ನ್ಯಾಯ, ನೆಂಟಸ್ತಿಕೆಗಳಲ್ಲಿ ಅವರು ಮಾಸ್ತರನಿಗಿಂತ ಬಲ್ಲವರು. ಕೊಡದಲ್ಲಿ ನೀರಿದೆ, ಅದನ್ನು ಬೊಗಸೆಗೆ ಬಗ್ಗಿಸುವ ಉಪಾಯವನ್ನಷ್ಟೇ ತೋರಿಸಬೇಕಾಗಿದೆ.

ಅವರು ರಾತ್ರಿಶಾಲೆಗೆ ಏಕೆ ಬರುತ್ತಾರೆ? ಜ್ಞಾನದ ಹಂಬಲದಿಂದ ಎಂದು ನಾವು ಹೇಳಿಕೊಳ್ಳಬಹುದು. ನಿಜವಾಗಿ ನೋಡಿದರೆ, ಹೆಚ್ಚಿನವರನ್ನು ಕರೆತರುವುದು ಒಂದು ಕಾಗದ. ೧೯೬೪ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದ ಮೇಲೆ ನದಿಯ ದಂಡೆಯ ಎಷ್ಟೋ ಊರುಗಳು ಮುಳುಗಡೆಯ ಊರುಗಳಾದುವು. ಆ ಮನೆಗಳಿಗೆ ನೀರು ಬರುವುದಕ್ಕೆ ಮುಂಚೆ ನೋಟೀಸು ಬಂದಿತು. ಹೊಲದ ಅಳತೆ ಎಷ್ಟು, ಪರಿಹಾರ ಎಷ್ಟು, ಆಕ್ಷೇಪಣೆಗೆ ಗಡುವು ಯಾವಾಗ, ಎಲ್ಲವೂ ಅದರಲ್ಲಿ ಇರುತ್ತದೆ. ಆದರೆ ಓದಲಾರದವನಿಗೆ ಅದು ಮಸಿಯ ಗೆರೆಗಳು ಮಾತ್ರ. ಮತ್ತೊಬ್ಬನು ಓದಿ ಹೇಳಿದಷ್ಟೇ ಅವನ ಪಾಲಿಗೆ ಸತ್ಯ. ಓದಿದವನು ಒಂದು ಸಾಲನ್ನು ಬಿಟ್ಟರೆ ಆ ಸಾಲಿನೊಡನೆ ಒಂದು ಎಕರೆಯೂ ಹೋಗಬಹುದು. ಹೆಂಗಸರಿಗೆ ಸ್ವಸಹಾಯ ಸಂಘದ ಪಾಸ್‌ಬುಕ್ಕು, ಸಾಲದ ಕರಾರು. ದುಡಿಮೆಗಾಗಿ ಸೊಲ್ಲಾಪುರ, ಪುಣೆ, ಮುಂಬಯಿ, ಗೋವೆಗಳಿಗೆ ಹೋಗುವವರಿಗೆ ಬಸ್ಸಿನ ಫಲಕ, ಕೂಲಿಯ ಹಾಜರಿ. ಅಕ್ಷರದ ಹಸಿವು ಹುಟ್ಟುವುದು ಇಂಥ ಕಡೆಗಳಲ್ಲಿ.

ಹೀಗಿರುವಾಗ ಅವರಿಗೆ ಮಕ್ಕಳ ಪಾಠಪುಸ್ತಕವನ್ನು ಕೊಟ್ಟು ಅ ಆ ಇ ಈ ಎಂದು ಹೇಳಿಸತೊಡಗಿದರೆ ಮೂರನೆಯ ರಾತ್ರಿ ಶಾಲೆ ಬರಿದಾಗುವುದು. ಅನುಭವಿಗಳು ಕಂಡುಕೊಂಡ ಮಾರ್ಗ ಬೇರೆ. ರ, ಗ, ಸ, ದ ಎಂಬ ಅಕ್ಷರಗಳ ಆಕಾರ ಸುಲಭವಾದುದು. ಮೊದಲ ರಾತ್ರಿಯಲ್ಲಿಯೇ ಇವುಗಳಲ್ಲಿ ಎರಡನ್ನು ಕಲಿಸಿ ‘ದರ’ ಎಂದು ಬರೆಯಿಸಬಹುದು. ದರವೆಂದರೇನೆಂದು ಲಿಂಬೆ ಮಾರುವವನಿಗೆ ಯಾರೂ ವಿವರಿಸಬೇಕಾಗಿಲ್ಲ. ಮರುದಿನ ಮಾರುಕಟ್ಟೆಯ ಹಲಗೆಯ ಮೇಲೆ ಆ ಎರಡು ಅಕ್ಷರಗಳನ್ನು ತಾನೇ ಗುರುತಿಸಿದನೆಂದರೆ, ಆತನು ಮೂರನೆಯ ರಾತ್ರಿಯೂ ಬರುತ್ತಾನೆ.

ಇನ್ನೊಂದು ತೊಡಕು ಭಾಷೆಯದು. ಬೆಂಗಳೂರು ಮೈಸೂರುಗಳಲ್ಲಿ ಬರೆದ ಪುಸ್ತಕದಲ್ಲಿ ಕಡಲೆಕಾಯಿ, ಆಲೂಗಡ್ಡೆ ಎಂದಿದ್ದರೆ, ಸಿಂದಗಿಯ ರೈತನ ಬಾಯಲ್ಲಿರುವುದು ಶೇಂಗಾ, ಬಟಾಟಿ. ಅಕ್ಷರವೂ ಹೊಸದು, ಪದವೂ ಹೊಸದು ಎಂದಾದರೆ ಕಲಿಯುವವನು ತನ್ನ ನುಡಿಯೇ ತಪ್ಪೆಂದು ತಿಳಿದು ಮೌನವಾಗುವನು. ಅವರ ಮಾತನ್ನೇ ಮೊದಲು ಬರೆದು ತೋರಿಸಬೇಕು. ಗ್ರಂಥದ ಮಾತು ಆಮೇಲೆ ತಾನಾಗಿಯೇ ಬರುತ್ತದೆ.

ಕಣ್ಣು ಮತ್ತು ಕೈಗಳ ವಿಷಯವನ್ನೂ ಹೇಳಬೇಕು. “ಮಾಸ್ತರ, ನನ್ನ ತಲ್ಯಾಗ ಏನೂ ಹೋಗಂಗಿಲ್ರಿ” ಎಂದು ಮುದುಕಿಯೊಬ್ಬಳು ಹಲಗೆಯನ್ನು ಕೆಳಗಿಟ್ಟಾಗ, ಬಲ್ಲ ಗುರು ಆಕೆಯ ಬುದ್ಧಿಯನ್ನು ಶಂಕಿಸುವುದಿಲ್ಲ. “ಯವ್ವಾ, ಹಲಗಿ ಸ್ವಲ್ಪ ದೂರ ಹಿಡಿದು ನೋಡ್ರಿ” ಎನ್ನುತ್ತಾನೆ. ನಾಲ್ವತ್ತು ದಾಟಿದವರಿಗೆ ಚಾಳೀಸು ಬರುವುದು ಪ್ರಕೃತಿಧರ್ಮ. ಓದುವ ಅಭ್ಯಾಸವಿಲ್ಲದವರಿಗೆ ಅದು ಬಂದದ್ದೇ ತಿಳಿದಿರುವುದಿಲ್ಲ. ಒಂದು ಕನ್ನಡಕದಿಂದ ನೀಗುವ ಕೊರತೆಯನ್ನು ಅವರು ತಮ್ಮ ದಡ್ಡತನವೆಂದು ಎಣಿಸಿ ಮನೆಗೆ ಹಿಂದಿರುಗುತ್ತಾರೆ. ಕುಡುಗೋಲು ಹಿಡಿದ ಕೈಗೆ ಪೆನ್ಸಿಲು ಹಗುರ. ಒತ್ತಿ ಹಿಡಿದರೆ ಮೊನೆ ಮುರಿಯುತ್ತದೆ. ಇದಕ್ಕೆ ನಗದೆ, ಮೊದಲ ವಾರ ದಪ್ಪ ಸೀಮೆಸುಣ್ಣವನ್ನು ಕೊಡುವುದು ಲೇಸು. ಇಂಥ ಸಣ್ಣ ತಿಳಿವಳಿಕೆಗಳ ಮೊತ್ತವೇ ವೃತ್ತಿ. ಉತ್ಸಾಹ ಒಂದರಿಂದಲೇ ಇವು ಬರುವುದಿಲ್ಲ, ವರ್ಷಗಳಿಂದ ಬರುತ್ತವೆ.

ಇನ್ನು ಇಂಗ್ಲಿಷಿನ ಮಾತು. ಕನ್ನಡವೇ ಬಾರದವರಿಗೆ ಇಂಗ್ಲಿಷೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಕನ್ನಡ ಮೊದಲು ಎಂಬುದರಲ್ಲಿ ಸಂಶಯವಿಲ್ಲ. ಏಕೆಂದರೆ ನಮ್ಮ ಲಿಪಿಯಲ್ಲಿ ಬರೆದಂತೆ ಓದಬಹುದು. ಗುರುತಿಸಿದ ಅಕ್ಷರ ಮೋಸಮಾಡುವುದಿಲ್ಲ. ಇಂಗ್ಲಿಷಿನಲ್ಲಾದರೋ ಪಿ-ಯು-ಟಿ ಪುಟ್, ಬಿ-ಯು-ಟಿ ಬಟ್; ಸಿ ಎಂಬ ಅಕ್ಷರ ಒಮ್ಮೆ ಕಕಾರ, ಒಮ್ಮೆ ಸಕಾರ. ಅಕ್ಷರವೆಂದರೆ ಧ್ವನಿಯ ಗುರುತು ಎಂಬ ನಂಬಿಕೆ ಕನ್ನಡದಲ್ಲಿ ಬೇರೂರಿದ ಮೇಲೆಯೇ ಈ ವಕ್ರತೆಗಳನ್ನು ತಾಳಿಕೊಳ್ಳಲು ಸಾಧ್ಯ. ಆದರೆ ಇಂಗ್ಲಿಷು ಬೇಡವೆನ್ನುವ ಹಕ್ಕು ಅದನ್ನು ಬಲ್ಲ ನಮಗೆ ಇಲ್ಲ. ಹೊಲಕ್ಕೆ ಸಿಂಪಡಿಸುವ ಕೀಟನಾಶಕದ ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ಬಣ್ಣದಿಂದ ಸೂಚಿಸಿರುತ್ತಾರೆ: ಕೆಂಪು ಅತ್ಯಂತ ಘೋರ; ಆಮೇಲೆ ಹಳದಿ, ನೀಲಿ, ಹಸುರು. ಅದರ ಜೊತೆಗೇ ಪಾಯ್ಸನ್ ಎಂಬ ಪದವೂ ಇಂಗ್ಲಿಷಿನಲ್ಲಿ ಕಾಣಿಸಬಹುದು. ಆ ಒಂದು ಪದವನ್ನು ಓದಬಲ್ಲ ತಾಯಿ ಆ ಡಬ್ಬಿಯನ್ನು ಮಕ್ಕಳ ಕೈಗೆಟುಕುವ ಗೂಡಿನಲ್ಲಿ ಇಡಲಾರಳು.

ಅಲ್ಲದೆ ಬೆಳೆದವರು ಇಂಗ್ಲಿಷಿಗೆ ತೀರ ಹೊಸಬರಲ್ಲ. ಬಸ್ಸು, ಟಿಕೇಟು, ಬ್ಯಾಂಕು, ಪಂಪು, ಕೋರ್ಟು, ಡಾಕ್ಟರು, ರೇಶನ್ನು: ಇವೆಲ್ಲ ಅವರ ನಿತ್ಯದ ಮಾತುಗಳು. ಓಗ್ಡನ್ ಎಂಬ ವಿದ್ವಾಂಸನು ೧೯೩೦ರಲ್ಲಿ ೮೫೦ ಪದಗಳ ಒಂದು ಮೂಲ ಇಂಗ್ಲಿಷನ್ನು ರಚಿಸಿದನು. ಬಂಗಾಳದಲ್ಲಿ ಬಹುಕಾಲ ಕೆಲಸಮಾಡಿದ ಮೈಕೇಲ್ ವೆಸ್ಟ್ ೧೯೫೩ರಲ್ಲಿ ಸುಮಾರು ೨೦೦೦ ಪದಗಳ ಪಟ್ಟಿಯನ್ನು ಪ್ರಕಟಿಸಿದನು. ಪಟ್ಟಿ ಬೇಕೆಂಬ ತತ್ತ್ವ ಸರಿಯಾದುದು. ಆದರೆ ಮುದ್ದೇಬಿಹಾಳದ ಕಲಿಯುವವರಿಗೆ ಬೇಕಾದ ಪಟ್ಟಿ ಲಂಡನ್ನಿನಲ್ಲಿ ಸಿಗದು. ಅದನ್ನು ಊರಿನ ಫಲಕ, ಡಬ್ಬಿ, ಚೀಟಿ, ಅರ್ಜಿಗಳಿಂದಲೇ ಆರಿಸಬೇಕು. ಬಾಯಲ್ಲಿ ಈಗಾಗಲೇ ಇರುವ ಪದ ಕಣ್ಣಿಗೆ ಹೇಗೆ ಕಾಣುತ್ತದೆಂದು ತೋರಿಸಿದರೆ ಭಯ ಅರ್ಧ ಹೋಗುತ್ತದೆ. ಉಳಿದರ್ಧ ಹೋಗುವುದಕ್ಕೆ ಹಲಸಂಗಿಯ ಮಧುರಚೆನ್ನರ ನಿದರ್ಶನವೇ ಸಾಕು. ಮುಲ್ಕಿ ಪರೀಕ್ಷೆಯವರೆಗಷ್ಟೇ ಓದಿದ ಅವರು ಸ್ವಂತ ಶ್ರಮದಿಂದ ಇಂಗ್ಲಿಷನ್ನು ಕಲಿತು ಶ್ರೀ ಅರವಿಂದರ ಗ್ರಂಥಗಳವರೆಗೂ ಮುಟ್ಟಿದರು.

ಇಷ್ಟೆಲ್ಲ ಸಾಧ್ಯವಿರುವಾಗ ಕೆಲಸ ಏಕೆ ಮುಗಿದಿಲ್ಲ? ಪ್ರಯತ್ನಗಳ ಕೊರತೆಯಿಂದಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೪೦ರ ಸುಮಾರಿಗೆ ಆರಂಭವಾದ ಸಾಕ್ಷರತಾ ಚಳವಳಿಯಿಂದ ವಯಸ್ಕರ ಶಿಕ್ಷಣ ಸಮಿತಿ ಬೆಳೆಯಿತು; ಹೊಸದಾಗಿ ಕಲಿತವರಿಗಾಗಿ ಅದು ‘ಬೆಳಕು’ ಎಂಬ ಪತ್ರಿಕೆಯನ್ನು ನಡೆಸಿತು. ೧೯೭೮ರ ಅಕ್ಟೋಬರ್ ೨ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ನು ಬಂದುವು. ೧೯೯೦ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆ ಸಂಪೂರ್ಣ ಸಾಕ್ಷರವೆಂದು ಘೋಷಿತವಾದ ಮೇಲೆ, ಕರ್ನಾಟಕದಲ್ಲಿ ಆ ಆಂದೋಲನವನ್ನು ಮೊದಮೊದಲು ಕೈಗೊಂಡ ಜಿಲ್ಲೆಗಳಲ್ಲಿ ಬಿಜಾಪುರವೂ ಒಂದಾಯಿತು. ಹಳ್ಳಿಹಳ್ಳಿಗಳಲ್ಲಿ ‘ಬಾಳಿಗೆ ಬೆಳಕು’ ಪುಸ್ತಕ ಹಿಡಿದು ಜನ ಕುಳಿತರು.

ಆಗ ಗೊತ್ತುಮಾಡಿದ ಅವಧಿ ಸುಮಾರು ೨೦೦ ಗಂಟೆಗಳು. ಅಷ್ಟರಲ್ಲಿ ನಿಮಿಷಕ್ಕೆ ೩೦ ಪದಗಳನ್ನು ಗಟ್ಟಿಯಾಗಿ ಓದಬೇಕು, ಹೇಳಿದ್ದನ್ನು ನಿಮಿಷಕ್ಕೆ ೫ ಪದಗಳಂತೆ ಬರೆಯಬೇಕು, ನೂರರವರೆಗೆ ಎಣಿಸಬೇಕು. ಹೋಲಿಸಿ ನೋಡಿರಿ: ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಒಂದರಿಂದ ಐದನೆಯ ತರಗತಿಯ ಮಗುವಿಗೆ ವರ್ಷಕ್ಕೆ ೮೦೦ ಗಂಟೆಗಳ ಪಾಠವನ್ನು ವಿಧಿಸುತ್ತದೆ. ಹಗಲೆಲ್ಲ ದುಡಿದು ದಣಿದವರಿಗೆ ನಾವು ಕೊಟ್ಟದ್ದು ಮಗುವಿನ ಒಂದು ವರ್ಷದ ಕಾಲುಪಾಲು. ಅದರಲ್ಲಿಯೂ ಕಲಿತವರು ಕಲಿತರು. ಅದು ಅವರ ಹಿರಿಮೆ. ಆದರೆ ಆಮೇಲೆ ಓದಲು ಪುಸ್ತಕವಿಲ್ಲದೆ, ಕೇಳಲು ಗುರುವಿಲ್ಲದೆ, ಕಲಿತ ಅಕ್ಷರ ಎಷ್ಟೋ ಮಂದಿಗೆ ಮರೆತುಹೋಯಿತು.

೨೦೦೯ರ ಸೆಪ್ಟೆಂಬರ್ ೮ರಂದು ಆರಂಭವಾದ ‘ಸಾಕ್ಷರ ಭಾರತ’ ಯೋಜನೆ ಗ್ರಾಮ ಪಂಚಾಯತಿಯ ಲೋಕಶಿಕ್ಷಣ ಕೇಂದ್ರದಲ್ಲಿ ಪ್ರೇರಕರನ್ನು ನೇಮಿಸಿತು. ಅವರಿಗೆ ತಿಂಗಳಿಗೆ ೨೦೦೦ ರೂಪಾಯಿ ಗೌರವಧನ. ಹೆಸರು ಗೌರವದ್ದು, ಧನ ಅಲ್ಪದ್ದು. ೨೦೧೮ರ ಮಾರ್ಚ್ ೩೧ಕ್ಕೆ ಯೋಜನೆ ಮುಗಿಯಿತು. ಅಲ್ಲಿಯವರೆಗೆ ಯಾರ ಕಣ್ಣಿಗೆ ಚಾಳೀಸು, ಯಾರ ಕೈ ಬಿಗಿ, ಯಾವ ಮನೆಯಲ್ಲಿ ಅತ್ತೆ ಬಿಡುವುದಿಲ್ಲ ಎಂಬುದನ್ನೆಲ್ಲ ಅರಿತಿದ್ದವರು ಬೇರೆ ಕೆಲಸ ಹುಡುಕಬೇಕಾಯಿತು. ೨೦೨೨ರಿಂದ ೨೦೨೭ರವರೆಗೆಂದು ರೂಪಿಸಿದ ನವಭಾರತ ಸಾಕ್ಷರತಾ ಕಾರ್ಯಕ್ರಮವೂ ಸ್ವಯಂಸೇವಕರನ್ನೇ ನೆಚ್ಚಿದೆ. ಸ್ವಯಂಸೇವೆಯನ್ನು ನಾನು ಹಳಿಯುತ್ತಿಲ್ಲ. ಆದರೆ ಬಾವಿಯನ್ನು ಊರವರೆಲ್ಲ ಕೂಡಿ ತೋಡಬಹುದು. ರಾಟೆಗೆ ಎಣ್ಣೆ ಹಾಕಿ ಹಗ್ಗ ನೋಡಿಕೊಳ್ಳಲು ಒಬ್ಬನು ನಿತ್ಯ ಇರಬೇಕು. ನಮ್ಮಲ್ಲಿ ಆಂದೋಲನಗಳು ಬಂದುವು, ಹೋದುವು, ವೃತ್ತಿಯೊಂದು ನೆಲೆಗೊಳ್ಳಲಿಲ್ಲ. ಪ್ರತಿ ಸಲವೂ ಮೊದಲಿನಿಂದ ಕಲಿಯಬೇಕಾದವರು ಕಲಿಯುವವರಷ್ಟೇ ಅಲ್ಲ, ಕಲಿಸುವವರೂ ಹೌದು.

ಆದುದರಿಂದ ಆಗಬೇಕಾದುದು ದೊಡ್ಡ ಘೋಷಣೆಯೇನೂ ಅಲ್ಲ. ಹೋಬಳಿಗೊಬ್ಬರಂತೆಯಾದರೂ, ತರಬೇತಿ ಪಡೆದ, ಖಾಯಂ ಸಂಬಳದ, ಬೆಳೆದವರಿಗೇ ಮೀಸಲಾದ ಶಿಕ್ಷಕರು ಬೇಕು. ಸುಗ್ಗಿಯಲ್ಲಿ ಶಾಲೆ ನಿಂತರೆ ಸುಗ್ಗಿ ಮುಗಿದೊಡನೆ ಮತ್ತೆ ತೆರೆಯುವವರು ಅವರು. ಗುಳೆ ಹೋದವರು ಹಿಂದಿರುಗಿದಾಗ ಅವರ ಹೆಸರನ್ನು ನೆನಪಿಟ್ಟಿರುವವರು ಅವರು. ಅವರೊಡನೆ ಸ್ವಯಂಸೇವಕರು ದುಡಿಯಲಿ.

ಅದಾಗುವವರೆಗೆ, ಪಟ್ಟಣದಲ್ಲಿ ಕುಳಿತು ಇದನ್ನು ಕೇಳುತ್ತಿರುವ ನಮ್ಮ ಪಾಲಿನದೂ ಒಂದು ಕರ್ತವ್ಯವಿದೆ. ನಮ್ಮಲ್ಲಿ ಅನೇಕರು ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ವಕೀಲಿಯಲ್ಲಿ ಇರುವವರು. ಮೇಜಿನ ಮೇಲೆ ಮಸಿಯ ಡಬ್ಬಿ ಇರುತ್ತದೆ. ಎದುರಿಗೆ ಹೆಬ್ಬೆಟ್ಟು ಚಾಚಿದ ಒಬ್ಬ ಹಿರಿಯರು ನಿಂತಿರುತ್ತಾರೆ. ಮಸಿ ಹಚ್ಚುವುದಕ್ಕೆ ಮುಂಚೆ ಆ ಕಾಗದವನ್ನು ಮೊದಲಿಂದ ಕೊನೆಯವರೆಗೆ, ಅವರಿಗೆ ತಿಳಿಯುವ ಕನ್ನಡದಲ್ಲಿ, ಓದಿ ಹೇಳೋಣ. ಅವರು ಪ್ರಶ್ನೆ ಕೇಳಿದರೆ ಬೇಸರಿಸದಿರೋಣ. ಇದಕ್ಕೆ ಹಿಡಿಯುವುದು ಐದು ನಿಮಿಷ. ಓದಿಸಿಕೊಳ್ಳುವುದು ತಮ್ಮ ಹಕ್ಕೆಂದು ಅರಿತವರು ಮುಂದೆ ತಾವೇ ಓದಬೇಕೆಂದು ಬಯಸುವರು. ಅಲ್ಲಿಂದಾಚೆಗೆ ಗುರುವಿನ ಕೆಲಸ ಅರ್ಧ ಸುಲಭವಾಗುವುದು.