ಮನೆಯೂ ನೆರೆಯೂ

ನದೀತೀರದವರಿಗೆ ನೆರೆಯೆಂಬುದು ಪರಿಚಿತನಾದ ಶತ್ರು. 1924ರ ಜುಲೈ ತಿಂಗಳಲ್ಲಿ ಕಾವೇರಿಗೆ ಬಂದ ಮಹಾಪೂರದ ಮಾತು ಆ ದಡದ ಊರುಗಳಲ್ಲಿ ಬಹುಕಾಲ ಉಳಿಯಿತು. ನಗರವಾಸಿಗಳಾದ ನಾವಾದರೋ ಅದು ಹೊಳೆಯ ದಂಡೆಯವರ ಪಾಡೆಂದು ನಿಶ್ಚಿಂತರಾಗಿರುವೆವು. ಈ ನಿಶ್ಚಿಂತೆಗೆ ಆಧಾರವಿಲ್ಲ. ಬೆಂಗಳೂರು ಯಾವ ಮಹಾನದಿಯ ದಡದಲ್ಲಿಯೂ ಇಲ್ಲ. ಆದರೂ 2022ರ ಸೆಪ್ಟೆಂಬರಿನಲ್ಲಿ ಕೆರೆಗಳು ಕೋಡಿಬಿದ್ದು, ರಾಜಕಾಲುವೆಗಳು ಉಕ್ಕಿ, ಬಡಾವಣೆಗಳ ಜನರು ಟ್ರ್ಯಾಕ್ಟರುಗಳ ಮೇಲೆಯೂ ದೋಣಿಗಳಲ್ಲಿಯೂ ಹೊರಬರಬೇಕಾಯಿತು. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಮನೆಗೆ ನೀರು ನುಗ್ಗಿದುದರಿಂದ, ಅಂಗಳದಲ್ಲಿ ಮೊಳಕಾಲುದ್ದ ನೀರು ನಿಂತ ಊರಿನಲ್ಲಿ ನಲ್ಲಿಗಳು ಬತ್ತಿದವು.

ಆದುದರಿಂದ ಗೃಹಸ್ಥರು ಮಳೆಗಾಲಕ್ಕೆ ಮುನ್ನ ಮೊದಲು ಕಾಪಾಡಿಕೊಳ್ಳಬೇಕಾದುದು ಕುಡಿಯುವ ನೀರನ್ನು. ನಮ್ಮ ಮನೆಗಳಲ್ಲಿ ಅದು ಇರುವುದು ನೆಲದೊಳಗಿನ ಸಂಪಿನಲ್ಲಿ. ಸಂಪಿನ ಬಾಯಿ ಅಂಗಳದ ಮಟ್ಟಕ್ಕೇ ಇದ್ದರೆ ಬೀದಿಯ ಕೊಚ್ಚೆಯೆಲ್ಲವೂ ಮೊದಲು ಇಳಿಯುವುದು ಅಲ್ಲಿಗೇ. ಅದರ ಸುತ್ತ ಎರಡಡಿಯ ಕಟ್ಟೆ ಕಟ್ಟಿಸಲು ತಗಲುವ ವೆಚ್ಚ ಅಲ್ಪ. ಒಮ್ಮೆ ಕೊಳೆನೀರು ಸೇರಿತೆಂದರೆ, ಸುತ್ತಲ ನೀರು ಇಳಿದ ಬಳಿಕ ಸಂಪನ್ನು ಬರಿದುಮಾಡಿ, ಉಜ್ಜಿ ತೊಳೆದು, ಬ್ಲೀಚಿಂಗ್ ಪುಡಿಯಿಂದ ಶುದ್ಧಿಮಾಡಿ ತುಂಬುವ ತನಕ ಆ ನೀರನ್ನು ಮುಟ್ಟಲಾಗದು. ಆಳೊಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನದ ನೀರನ್ನು ಮುಚ್ಚಿದ ಪಾತ್ರೆಗಳಲ್ಲಿ ಎತ್ತರದಲ್ಲಿಡಬೇಕು. ಔಷಧಿ, ಟಾರ್ಚು, ಮನೆಯ ದಸ್ತಾವೇಜುಗಳು ನೀರು ಹೋಗದ ಒಂದೇ ಚೀಲದಲ್ಲಿರಲಿ. ನೆಲಮಾಳಿಗೆಯಲ್ಲಿ ಮಲಗುವ ಕಾವಲುಗಾರನ ಸಂಸಾರವನ್ನು ಎಲ್ಲಿಗೆ ಕರೆಯಬೇಕೆಂಬುದೂ ಮುಂಚೆಯೇ ಗೊತ್ತಿರಬೇಕು. ನೆರೆಯೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಪಕ್ಕದವರೆಂಬ ಅರ್ಥವೂ ಉಂಟಷ್ಟೆ.

ಇನ್ನು ಮನೆಬಿಡುವ ಗಳಿಗೆ. ನಮ್ಮ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ಕಠಿನವಾದ ವಿಷಯ. ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವುದೋ, ಇನ್ನೊಂದು ತಾಸು ಕಾಯುವುದೋ ಎಂಬ ಚರ್ಚೆ, ವಿದ್ಯಾವಂತರ ಮನೆಗಳಲ್ಲಿ ವಿಶೇಷವಾಗಿ, ಬಹಳ ದೀರ್ಘವಾಗುತ್ತದೆ. ಗೇಟಿನ ಕಂಬದ ಮೇಲೆ ಬೇಸಿಗೆಯಲ್ಲಿಯೇ ಒಂದು ಗೆರೆ ಎಳೆದಿಡುವುದು ಲೇಸು. ನೀರು ಅದನ್ನು ಮುಟ್ಟುವ ಮುನ್ನ ಮೈನ್ ಸ್ವಿಚ್ಚನ್ನು ಆರಿಸಿ, ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಡತಕ್ಕದ್ದು. ನೀರಿನಲ್ಲಿ ನಿಂತು ಸ್ವಿಚ್ಚನ್ನು ಮಾತ್ರ ಮುಟ್ಟಬಾರದು. ತಡಮಾಡಿ, ಹೊರಗೆ ಆಗಲೇ ನೀರು ರಭಸದಿಂದ ಹರಿಯುತ್ತಿದ್ದರೆ, ಬೀದಿಗಿಳಿಯದೆ ಮೇಲಂತಸ್ತಿಗೆ ಏರಿ 112ಕ್ಕೆ ಕರೆಮಾಡುವುದೇ ಕ್ಷೇಮ. ಆರೇ ಅಂಗುಲದ ಹರಿವು ಆಳನ್ನು ಕೆಡವಬಲ್ಲುದು. ಎರಡಡಿಯದು ಮೋಟಾರನ್ನೇ ಒಯ್ಯಬಲ್ಲುದು. ನಿಂತ ನೀರನ್ನೂ ನಂಬಲಾಗದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಅದರಲ್ಲಿ ಸಿಕ್ಕಿಬಿದ್ದ ಕಾರಿನೊಳಗಿದ್ದ ಒಬ್ಬ ತರುಣಿ ಹಾಡುಹಗಲಲ್ಲಿಯೇ ಪ್ರಾಣ ಬಿಟ್ಟಳು. ಆಳ ಕಾಣದ ನೀರಿಗೆ ವಾಹನವನ್ನು ಇಳಿಸಲೇಬಾರದು.

ಹಿಂದಿರುಗಿದಾಗ ವಿದ್ಯುತ್ ಕೆಲಸದವನು ಬಂದು ಪರೀಕ್ಷಿಸುವ ತನಕ ಹಣತೆಯನ್ನೂ ಹಚ್ಚದೆ, ದೀಪದ ಗುಂಡಿಯನ್ನೂ ಒತ್ತದೆ, ಟಾರ್ಚಿನ ಬೆಳಕಿನಲ್ಲಿಯೇ ಇರಬೇಕು. ಮೂಲೆಯ ಚಾಪೆಯನ್ನು ಕೋಲಿನಿಂದ ಎತ್ತಿರಿ. ನೀರಿಗೆ ಹೆದರಿ ಹಾವೂ ಒಣನೆಲವನ್ನೇ ಹುಡುಕಿ ಬಂದಿರುತ್ತದೆ.