ಪಾಸ್ ಇಲ್ಲದವನೇ ಕಡಲ್ಗಳ್ಳ

ಇವತ್ತು ವಿಧಾನಸೌಧದ ಸುದ್ದಿ ಬೇಡ, ರೆಸಾರ್ಟ್ ಸುದ್ದಿಯೂ ಬೇಡ. ಇವತ್ತು ಸಿನಿಮಾ. ಅದೂ ಹಳೇ ಸಿನಿಮಾ, 2007ರದ್ದು. ‘ಪೈರೇಟ್ಸ್ ಆಫ್ ದಿ ಕೆರಿಬಿಯನ್: ಅಟ್ ವರ್ಲ್ಡ್ಸ್ ಎಂಡ್’, ಸರಣಿಯ ಮೂರನೇ ಭಾಗ. ಟಿ.ವಿ.ಯಲ್ಲಿ ಬಂದರೆ ನಾನು ಚಾನೆಲ್ ಬದಲಿಸುವವನಲ್ಲ. ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ. ಮೊದಲಿನ ಎರಡರಷ್ಟು ಇದು ಚಂದ ಇಲ್ಲ ಅಂತ ಹೇಳುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳ್ತೀನಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ವೀಕ್ಷಕರು ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ. ಇದರಲ್ಲಿ ನಮ್ಮ ಪಾಲೂ ಉಂಟು.

ಸಿನಿಮಾ ಶುರುವಾಗುವುದೇ ನೇಣುಗಂಬದಲ್ಲಿ. ಸರತಿ ಸಾಲಿನಲ್ಲಿ ಜನ ನಿಂತಿದ್ದಾರೆ. ಒಬ್ಬ ಅಧಿಕಾರಿ ಕಾಗದ ಹಿಡಿದು ಓದುತ್ತಾನೆ: ಇಂದಿನಿಂದ ಸಭೆ ಸೇರುವ ಹಕ್ಕಿಲ್ಲ, ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ, ವಿಚಾರಣೆಯ ಹಕ್ಕಿಲ್ಲ. ಕಡಲ್ಗಳ್ಳರಿಗೆ ಮಾತ್ರ ಅಂದುಕೊಂಡ್ರಾ? ಅವರ ಜೊತೆ ಒಡನಾಟ ಇದ್ದವನಿಗೂ ನೇಣೇ. ಸಾಲಿನಲ್ಲಿ ಒಬ್ಬ ಪುಟ್ಟ ಹುಡುಗ. ಕುಣಿಕೆಗೆ ಕುತ್ತಿಗೆ ಎಟುಕುವುದಿಲ್ಲ, ಒಂದು ಪೀಪಾಯಿ ತಂದು ಅದರ ಮೇಲೆ ಅವನನ್ನು ನಿಲ್ಲಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ನೋಡುವ ಸಿನಿಮಾ ಮಾರಾಯ್ರೆ! ಮೊದಲ ಐದು ನಿಮಿಷಕ್ಕೇ ಹೀಗೆ ತೋರಿಸಲು ನಿರ್ದೇಶಕ ಗೋರ್ ವರ್ಬಿನ್‌ಸ್ಕಿಗೆ ಧೈರ್ಯ ಬೇಕಿತ್ತು. ಇದನ್ನೆಲ್ಲ ಮಾಡಿಸುವವನು ಲಾರ್ಡ್ ಬೆಕೆಟ್. ಅವನು ರಾಜನಲ್ಲ, ರಾಕ್ಷಸನೂ ಅಲ್ಲ. ಈಸ್ಟ್ ಇಂಡಿಯಾ ಟ್ರೇಡಿಂಗ್ ಕಂಪನಿಯ ದೊಡ್ಡ ಸಾಹೇಬ. ಅವನಿಗೆ ಎಲ್ಲವೂ ವ್ಯಾಪಾರ. ಸಮುದ್ರದ ದೆವ್ವ ಡೇವಿ ಜೋನ್ಸ್ ಕೂಡ ಅವನ ಸಂಬಳದಾಳಿನ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಾನೆ. ದೊಡ್ಡ ದೊಡ್ಡ ಹಡಗುಗಳನ್ನೇ ನುಂಗುತ್ತಿದ್ದ ಕ್ರ್ಯಾಕನ್ ಈ ಭಾಗದಲ್ಲಿ ದಡಕ್ಕೆ ಬಂದು ಸತ್ತು ಬಿದ್ದಿರುತ್ತದೆ. ಕೊಂದದ್ದು ಕಂಪನಿಯ ಅಪ್ಪಣೆ. ಜಾಕ್ ಸ್ಪ್ಯಾರೋ ಆ ಹೆಣದ ಮುಂದೆ ಸುಮ್ಮನೆ ನಿಲ್ಲುತ್ತಾನೆ. ಇಡೀ ಸರಣಿಯಲ್ಲಿ ಜಾನಿ ಡೆಪ್ ತಮಾಷೆ ಬಿಟ್ಟು ನಿಂತ ಕೆಲವೇ ಗಳಿಗೆಗಳಲ್ಲಿ ಅದೊಂದು.

ಈಗ ನಮ್ಮ ಕಡಲಿಗೆ ಬನ್ನಿ. ವಾಸ್ಕೋ ಡ ಗಾಮ ಬಂದದ್ದು 1498ರಲ್ಲಿ. ಕೆಲವೇ ವರ್ಷಗಳಲ್ಲಿ ಪೋರ್ಚುಗೀಸರು ಒಂದು ಕಾಗದ ತಂದರು, ಅದರ ಹೆಸರು ಕಾರ್ಟಾಜ್. ಅರಬ್ಬೀ ಸಮುದ್ರದಲ್ಲಿ ಹಡಗು ಬಿಡಬೇಕಾದರೆ ಅವರ ಪಾಸ್ ಬೇಕು. ಯಾವ ಬಂದರಿಗೆ ಹೋಗುತ್ತೀರಿ, ಏನು ತುಂಬಿದ್ದೀರಿ, ಎಲ್ಲ ಅದರಲ್ಲಿ ಬರೆದಿರಬೇಕು. ಪಾಸ್ ಇಲ್ಲವೋ, ಹಡಗು ಜಪ್ತಿ. ಸಾವಿರಾರು ವರ್ಷದಿಂದ ಅರಬರು, ಗುಜರಾತಿಗಳು, ಮಲಬಾರಿಗಳು, ನಮ್ಮವರು ಓಡಾಡಿದ ನೀರು ಅದು. ಅಲ್ಲಿ ನಿನ್ನೆ ಬಂದವನು ಚೆಕ್‌ಪೋಸ್ಟ್ ಹಾಕಿ, ಚೀಟಿ ಇಲ್ಲದವನನ್ನು ಕಡಲ್ಗಳ್ಳ ಅಂದ. ಬೆಕೆಟ್‌ನ ಕೈಯಲ್ಲಿರುವುದು ಇದೇ ಚೀಟಿ. ಎರಡನೇ ಭಾಗದಲ್ಲಿ ಅವನು ಜಾಕ್‌ಗೆ ಕಳಿಸುವುದೂ ಅದನ್ನೇ: ನಮ್ಮ ಪರವಾಗಿ ದೋಚು, ಎಲ್ಲ ಮಾಫಿ.

ನಮ್ಮಲ್ಲೂ ಒಬ್ಬ ಜಾಕ್ ಸ್ಪ್ಯಾರೋ ಇದ್ದ. ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬರಹದಲ್ಲಿ ತಿಮೋಜ. ಮೊದಲು ಅವರ ಲೆಕ್ಕದಲ್ಲಿ ಅವನು ಕಡಲ್ಗಳ್ಳ. ಆಮೇಲೆ 1510ರಲ್ಲಿ ಗೋವೆ ಹಿಡಿಯಿರಿ ಅಂತ ಅಲ್ಬುಕರ್ಕ್‌ಗೆ ದಾರಿ ತೋರಿಸಿದವನೂ ಅವನೇ. ಕೂಡಲೇ ಕಳ್ಳ ಹೋಗಿ ಮಿತ್ರ ಆದ. ಮನುಷ್ಯ ಅವನೇ, ಹಡಗು ಅದೇ.

ಘಟ್ಟದ ಬುಡದಲ್ಲಿ ಕೂತ ನಮಗೂ ಕಡಲಿಗೂ ಎಂತ ಸಂಬಂಧ ಅಂತ ಬೆಳ್ತಂಗಡಿಯವರು ಕೇಳಬಹುದು. ಪೋರ್ಚುಗೀಸರು ಅಷ್ಟು ದೂರದಿಂದ ಬಂದದ್ದು ಕರಿಮೆಣಸಿಗೆ. ಅದು ಬೆಳೆಯುವುದು ಸಮುದ್ರದ ಮೇಲಲ್ಲ, ನಿಮ್ಮ ತೋಟದಲ್ಲಿ. ಘಟ್ಟದ ಮಾಲು ನೇತ್ರಾವತಿಯಲ್ಲಿ ಇಳಿದು ಬರುವಾಗ ಬಂಟ್ವಾಳ ಪೇಟೆ ಸಿಗುತ್ತದೆ. ರಸ್ತೆ, ರೈಲು ಬರುವ ಮೊದಲು ಅಲ್ಲಿ ದೋಣಿ ಸಾಗಾಟವೇ ವ್ಯಾಪಾರದ ಜೀವ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದರೆ ಕಲ್ಲಿನಲ್ಲಿ ಜಿರಾಫೆ ಕೆತ್ತಿದ್ದಾರೆ, ಚೀನಾದ ಡ್ರ್ಯಾಗನ್ ಕೆತ್ತಿದ್ದಾರೆ. ಆಫ್ರಿಕಾದ ಪ್ರಾಣಿ, ಚೀನಾದ ಕಲ್ಪನೆ, ಎರಡೂ ನಮ್ಮೂರಿಗೆ ಹಡಗಿನಲ್ಲೇ ಬಂದಿರಬೇಕಲ್ಲವಾ?

ಅದೇ ಮೂಡುಬಿದಿರೆಯಲ್ಲಿ ಚೌಟರ ಅರಮನೆ ಇದೆ. ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆ, ಐದು ಹೆಂಗಸರು ಸೇರಿ ಕುದುರೆ ಆದ ಕೆತ್ತನೆ ನೋಡಿದ್ದೀರಿ. ಅಬ್ಬಕ್ಕ ಅದೇ ಚೌಟ ಮನೆತನದವಳು, ಉಳ್ಳಾಲದಲ್ಲಿ ಕೂತು ಪೋರ್ಚುಗೀಸರಿಗೆ ಕಪ್ಪ ಕೊಡಲ್ಲ ಅಂದವಳು. ಸಿನಿಮಾದಲ್ಲಿ ಎಲಿಜಬೆತ್ ಕಡಲ್ಗಳ್ಳರ ರಾಜ ಆಗುವುದು ವೋಟಿನಿಂದ. ಎಲ್ಲರೂ ತಮತಮಗೇ ವೋಟು ಹಾಕಿಕೊಳ್ಳುತ್ತಾರೆ, ಜಾಕ್ ಒಬ್ಬ ಅವಳಿಗೆ ಹಾಕುತ್ತಾನೆ, ಒಂದು ವೋಟು ಹೆಚ್ಚಾಗಿ ಗೆದ್ದಳು. ನಮ್ಮ ಪಂಚಾಯತ್ ಅಧ್ಯಕ್ಷರ ಆಯ್ಕೆಯನ್ನು ನೋಡಿದವರಿಗೆ ಆ ಸೀನು ಬಿಡಿಸಿ ಹೇಳಬೇಕಾಗಿಲ್ಲ. ಚೌಟರಲ್ಲಿ ಆ ತಾಪತ್ರಯ ಇರಲಿಲ್ಲ, ಅಳಿಯಕಟ್ಟು ಇತ್ತು, ಪಟ್ಟ ಹೆಣ್ಣಿನ ಕಡೆಯಿಂದ ಬರುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡು ಬರೆದಿದ್ದಾನೆ. ಅವನು ಕಂಡದ್ದು ಬರಿಗಾಲಲ್ಲಿ ನಡೆದು ನೀರಿನ ಕಾಲುವೆಯ ಕೆಲಸ ನೋಡಲು ಹೊರಟವಳನ್ನು. ಎಲಿಜಬೆತ್‌ಗೆ ಮೂರು ಸಿನಿಮಾದಲ್ಲಿ ಎಷ್ಟು ಡ್ರೆಸ್ಸು ಬದಲಾಗಿದೆ, ನೀವೇ ಎಣಿಸಿ.

ಬೊಬ್ಬರ್ಯನ ವಿಷಯ ಹೇಳದಿದ್ದರೆ ನಡೆಯುವುದಿಲ್ಲ. ಸಿನಿಮಾದ ಕೊನೆಗೆ ವಿಲ್ ಟರ್ನರ್ ಹಡಗಿನ ಮೇಲೆ ಇರಿತಕ್ಕೆ ಸಿಕ್ಕಿ ಸಾಯುತ್ತಾನೆ. ಸತ್ತು ಫ್ಲೈಯಿಂಗ್ ಡಚ್‌ಮನ್‌ನ ಕ್ಯಾಪ್ಟನ್ ಆಗುತ್ತಾನೆ, ಕಡಲಲ್ಲಿ ಸತ್ತವರನ್ನು ಆಚೆ ದಾಟಿಸುವ ಕೆಲಸ ಅವನ ಹೆಗಲಿಗೆ ಬೀಳುತ್ತದೆ. ನೆಲ ಮುಟ್ಟುವುದು ಹತ್ತು ವರ್ಷಕ್ಕೊಂದು ದಿನ. ನಾನಾಗ ಇಂಜಿನಿಯರಿಂಗ್ ವಿದ್ಯಾರ್ಥಿ, ಪಕ್ಕದಲ್ಲಿ ಕೂತ ಬೆಂಗಳೂರಿನ ಗೆಳೆಯ ‘ಇದೇನೋ ಲಾಜಿಕ್ ಇಲ್ಲ’ ಅಂದ. ನನಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಮೊಗವೀರರು ನಂಬುವ ಬೊಬ್ಬರ್ಯ ಕಡಲಲ್ಲಿ ಜೀವ ಬಿಟ್ಟು ದೈವ ಆದವನು, ಪಾಡ್ದನದಲ್ಲಿ ಅವನ ತಂದೆ ಮುಸ್ಲಿಂ ವ್ಯಾಪಾರಿ. ಕಡಲಲ್ಲಿ ಸತ್ತವನೇ ಕಡಲಿಗೆ ಹೋಗುವವರನ್ನು ಕಾಯುತ್ತಾನೆ ಎಂಬುದು ತುಳುನಾಡಿನಲ್ಲಿ ಬೆಳೆದವನಿಗೆ ಫ್ಯಾಂಟಸಿ ಹೇಗಾಗುತ್ತದೆ? ಹಾಲಿವುಡ್‌ನವರಿಗೆ ಅದು ಸ್ಪೆಷಲ್ ಎಫೆಕ್ಟ್. ನಮ್ಮಲ್ಲಿ ಅದಕ್ಕೆ ಗುಡಿ ಇದೆ, ವರ್ಷಕ್ಕೊಮ್ಮೆ ಕೋಲ ಇದೆ.

ಇಂಜಿನಿಯರ್ ಆಗಿ ನನಗೆ ಅತಿ ಇಷ್ಟವಾದ ಸೀನು ಹಡಗು ಮಗುಚುವುದು. ಸತ್ತವರ ಲೋಕದಿಂದ ಹೊರಬರಬೇಕಾದರೆ ಹಡಗನ್ನೇ ಬುಡಮೇಲು ಮಾಡಬೇಕು. ಜಾಕ್ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡುತ್ತಾನೆ, ಎಲ್ಲರೂ ಹಿಂದೆ ಓಡುತ್ತಾರೆ, ಹಡಗು ಹೆಚ್ಚು ಹೆಚ್ಚು ತೂಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ರೆಸೊನೆನ್ಸ್ ಅಂತ ಕ್ಲಾಸಿನಲ್ಲಿ ಬೋರ್ಡ್ ತುಂಬ ಬರೆದದ್ದು ತಲೆಗೆ ಹೋಗಿರಲಿಲ್ಲ, ಇಲ್ಲಿ ಎರಡು ನಿಮಿಷದಲ್ಲಿ ಹೋಯಿತು. ಸುಳಿಯ ಯುದ್ಧದ ಬಗ್ಗೆ ನಾನು ಹೇಳುವುದೇನೂ ಇಲ್ಲ, ನೋಡಿ ಅಷ್ಟೆ. ಸುಮಾರು 30 ಕೋಟಿ ಡಾಲರ್ ಖರ್ಚು ಮಾಡಿ, ಸುಮಾರು 96 ಕೋಟಿ ಡಾಲರ್ ಎತ್ತಿದ ಸಿನಿಮಾ ಅದು. ಆ ವರ್ಷ ಜಗತ್ತಿನಲ್ಲಿ ಅದಕ್ಕಿಂತ ಹೆಚ್ಚು ಗಳಿಸಿದ್ದು ಇನ್ನೊಂದಿಲ್ಲ. ಉದ್ದ ಆಯಿತು, ಯಾರು ಯಾರಿಗೆ ಮೋಸ ಮಾಡಿದರು ಅಂತ ತಿಳಿಯುವುದಿಲ್ಲ ಅಂತೀರಾ? ತಿಳಿಯುವುದಿಲ್ಲ, ನಿಜ. ಆದರೆ ಬೆಳಗಿನ ಜಾವದ ತನಕ ಆಟ ನೋಡಿ ಬೆಳೆದವರಿಗೆ 168 ನಿಮಿಷ ಯಾವ ಲೆಕ್ಕ?

ಒಂದೇ ಒಂದು ಕಡೆ ನನಗೆ ಸಿಟ್ಟು ಬರುತ್ತದೆ. ಕಡಲ್ಗಳ್ಳರ ಒಂಬತ್ತು ದೊರೆಗಳ ಸಭೆಯಲ್ಲಿ ಹಿಂದೂ ಮಹಾಸಾಗರದ ಪ್ರತಿನಿಧಿಯಾಗಿ ಒಬ್ಬ ಇದ್ದಾನೆ: ಶ್ರೀ ಸುಂಭಾಜಿ. ಹೆಸರು ಆಂಗ್ರೆ ಮನೆತನದ ಸಂಭಾಜಿಯದ್ದು. ಇವನ ತಂದೆ ಕಾನ್ಹೋಜಿ ಆಂಗ್ರೆ ಮರಾಠಾ ನೌಕಾಪಡೆಯ ಸರಖೇಲ. 1721ರಲ್ಲಿ ಇಂಗ್ಲಿಷರು, ಪೋರ್ಚುಗೀಸರು ಒಟ್ಟಾಗಿ ಬಂದರೂ ಅವನನ್ನು ಮಣಿಸಲು ಆಗಲಿಲ್ಲ. ಇಂಗ್ಲಿಷರು ಆ ಮನೆಯವರನ್ನು ಕಡಲ್ಗಳ್ಳರು ಅಂತಲೇ ಬರೆದರು, ಯಾಕಂದ್ರೆ ಆಂಗ್ರೆಯವರೂ ಪಾಸ್ ಕೇಳುತ್ತಿದ್ದರು! ಅಂಥ ಮನೆತನದ ಹೆಸರು ಇಟ್ಟ ಪಾತ್ರಕ್ಕೆ ಈ ಸಿನಿಮಾ ಕೊಟ್ಟದ್ದು ಏನು? ದೊಡ್ಡ ಪೇಟ, ದೊಡ್ಡ ಗಡ್ಡ, ಅವನ ಪರವಾಗಿ ಮಾತಾಡಲು ಇಬ್ಬರು. ಕೊನೆಗೆ ಬಾಯಿ ಬಿಟ್ಟರೆ ಕೀರಲು ಧ್ವನಿ, ಥಿಯೇಟರ್ ಎಲ್ಲ ನಗು. ಕಂಪನಿ ಎಂಥ ಕ್ರೂರಿ ಅಂತ ಅಷ್ಟು ಚೆನ್ನಾಗಿ ಕಂಡ ಸಿನಿಮಾ, ಆ ಕಂಪನಿ ನಿಜವಾಗಿ ಎಲ್ಲಿ ರಾಜ್ಯ ಕಟ್ಟಿತೋ ಆ ದೇಶದವನು ಬಂದಾಗ ಜೋಕ್ ಮಾಡಿತು.

ಮಲಯಾಳಿಗಳು 2021ರಲ್ಲಿ ತಮ್ಮ ಕುಂಞಾಲಿ ಮರಕ್ಕಾರನ ಮೇಲೆ ಮೋಹನ್‌ಲಾಲ್ ಅವರನ್ನು ಹಾಕಿ ಸಿನಿಮಾ ಮಾಡಿದರು. ಚೆನ್ನಾಗಿದೆಯೋ ಇಲ್ಲವೋ ಆಮೇಲಿನ ಮಾತು, ಮಾಡಿದರಲ್ಲ. ನಮ್ಮ ಅಬ್ಬಕ್ಕನಿಗೆ ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಅಧ್ಯಯನ ಕೇಂದ್ರವನ್ನೇ ಕಟ್ಟಿದ್ದಾರೆ. ಕೋಸ್ಟ್ ಗಾರ್ಡ್ 2012ರಲ್ಲಿ ಸೇವೆಗೆ ಸೇರಿಸಿದ ಹಡಗಿಗೆ ಅವಳ ಹೆಸರಿದೆ. ಆ ಅಳತೆಯ ಸಿನಿಮಾ ಮಾತ್ರ ಇನ್ನೂ ಬಾಕಿ.

ಹಾಂ, ಮನೆಯಲ್ಲಿ ಈ ಸಿನಿಮಾ ಹಾಕಿದರೆ ಕೊನೆಗೆ ಹೆಸರುಗಳ ಪಟ್ಟಿ ಶುರುವಾಯಿತು ಅಂತ ಟಿ.ವಿ. ಆಫ್ ಮಾಡ್ಬೇಡಿ. ಪಟ್ಟಿ ಮುಗಿದ ಮೇಲೆ ಒಂದು ಸಣ್ಣ ಸೀನು ಉಂಟು. ಹತ್ತು ವರ್ಷ ಕಳೆದಿದೆ, ಸೂರ್ಯ ಮುಳುಗುತ್ತಿದ್ದಾನೆ, ಎಲಿಜಬೆತ್ ಮಗನ ಜೊತೆ ಸಮುದ್ರ ನೋಡುತ್ತಾ ನಿಂತಿದ್ದಾಳೆ.